ಡ್ರೈವಿಂಗ್ ಮೇಡಂ ಕಾರು ಮಾರಿದ್ದು

ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಹೆಂಡತಿ, "ಕಾರು ಮಾರಿಬಿಟ್ಟೆ ರೀ," ಎಂದಳು.

ಅಂದು ರಜೆಯಿದ್ದು ಈರುಳ್ಳಿ ಹೆಚ್ಚುತ್ತಿದ್ದ ಗಂಡನ ಕೈ ಅಲ್ಲೇ ನಿಂತಿತು. ಇವಳು ಡ್ರೈವಿಂಗ್ ಸ್ಕೂಲಿನ ಮೇಡಂ. ಊರಿನ ಅರ್ಧಕ್ಕರ್ಧ ಜನ ಸ್ಟೇರಿಂಗ್ ಹಿಡಿಯಲು ಕಲಿತದ್ದು ಇವಳ ಬೈಗುಳ ತಿಂದೇ. ಎಷ್ಟು ಬೈದರೂ ಕಲಿಯದೆ ಉಳಿದವನು ಅವಳ ಗಂಡನೊಬ್ಬನೇ. ಬುಕ್ ಬೈಂಡಿಂಗ್ ಕೆಲಸದ ಅವನನ್ನು ದಿನಾ ಕೆಲಸಕ್ಕೆ ಬಿಟ್ಟು, ಸಂಜೆ ಕರೆತರುತ್ತಿದ್ದವಳೂ ಅವಳೇ. ಹೆದ್ದಾರಿಯಾಚೆಗಿನ ಅವರ ಬಡಾವಣೆಯಲ್ಲಿ ಹಾಲು ತರುವುದಕ್ಕೂ ಕಾರೇ ಬೇಕಿತ್ತು.

"ಸ್ಕೂಲಿನವರೇ ತಗೊಂಡ್ರು. ಕೆಲಸಾನೂ ಬಿಟ್ಟೆ. ಹಳೇ ಪೇಟೇಲಿ ಬಾಡಿಗೆ ಮನೆ ಗೊತ್ತು ಮಾಡಿ ಬಂದಿದ್ದೀನಿ. ಅಂಗಡಿ, ಆಸ್ಪತ್ರೆ, ನಿಮ್ಮ ಕೆಲಸದ ಜಾಗ, ಎಲ್ಲಾ ನಡೆದೇ ಹೋಗಬಹುದು."

ಒಳಗಿನಿಂದ ಅವಳ ತಾಯಿ ಗೋಡೆ ಹಿಡಿದುಕೊಂಡು ಬಂದರು. "ತಲೆಗಿಲೆ ಕೆಟ್ಟಿದೆಯೇನೇ ನಿನಗೆ?"

"ಎಲ್ಲರೂ ಸ್ವಲ್ಪ ನಡೆಯೋಣ ಅಂತಮ್ಮ. ನಿನ್ನ ಅಳಿಯನ ಹೊಟ್ಟೆ ನೋಡು, ಅವರಿಗಿಂತ ಒಂದು ಹೆಜ್ಜೆ ಮುಂದೆ ಹೋಗ್ತಿದೆ."

ಅದಕ್ಕಿಂತ ಹೆಚ್ಚು ಅವಳ ಬಾಯಿಂದ ಹೊರಡಲಿಲ್ಲ.

ಚಪ್ಪಲಿ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗೆ ಸಂಸಾರ ಬಂತು. ಗಂಡ ಕೆಲವು ದಿನ ಮುಖ ಊದಿಸಿಕೊಂಡೇ ಓಡಾಡಿದ. ಆಮೇಲೆ ದಾರಿಯ ಬೇಕರಿಯವನು ಗುರುತು ಹಿಡಿದು ನಗತೊಡಗಿದ, ಪ್ಯಾಂಟು ಸಡಿಲವಾಯಿತು. ಅತ್ತೆಯಂತೂ ಕೋಲೂರಿಕೊಂಡು ಕೆಳಗಿಳಿದು, ಚಪ್ಪಲಿ ಹೊಲಿಯುವವನ ಜೊತೆ ಮಧ್ಯಾಹ್ನದವರೆಗೂ ವಾದ ಮಾಡುತ್ತಿದ್ದರು. ಹೆಂಡತಿ ಮಾತ್ರ ಹೊತ್ತಲ್ಲದ ಹೊತ್ತಿನಲ್ಲಿ ಒಬ್ಬಳೇ ಬೀದಿ ಸುತ್ತಿ ಬರುತ್ತಿದ್ದಳು.

ಒಂದು ಸಂಜೆ ಇಬ್ಬರೂ ತರಕಾರಿ ಕೊಂಡು ಬರುತ್ತಿದ್ದರು. ಅವಳು ಯಾವಾಗಲೂ ಗಂಡನನ್ನು ತನ್ನ ಎಡಗಡೆಗೆ ಹಾಕಿಕೊಂಡೇ ನಡೆಯುತ್ತಿದ್ದಳು. ಅಂದು ಕೊಚ್ಚೆ ದಾಟಲು ಅವನು ಬಲಕ್ಕೆ ಸರಿದ. ಎಡಗಡೆ ಗೋಡೆಗೆ ಪೇಂಟರ್ ಒಬ್ಬ ಏಣಿ ಒರಗಿಸಿದ್ದ. ಹಗಲಿನ್ನೂ ಇತ್ತು, ಏಣಿಗೆ ಹಳದಿ ಬಣ್ಣ ಬೇರೆ. ಅವಳು ಮಾತಾಡುತ್ತಲೇ ನೇರ ಹೋಗಿ ಅದಕ್ಕೆ ಹಣೆ ಬಡಿಸಿಕೊಂಡಳು. ಟೊಮೆಟೊ ರಸ್ತೆ ತುಂಬ ಉರುಳಿದವು.

"ಇಷ್ಟು ದೊಡ್ಡ ಏಣಿ ಕಾಣಲಿಲ್ವೇನೇ?"

"ಕಾಣಲಿಲ್ಲ," ಎಂದಳು ಅವಳು, ಹುಬ್ಬಿನ ರಕ್ತ ಒರೆಸಿಕೊಳ್ಳುತ್ತ. "ಆ ಕಡೆ ನನಗೆ ಏನೂ ಕಾಣಲ್ಲ ರೀ."

ಅವನು ಅಲ್ಲೇ ಒಂದು ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತ. ಅವಳು ಪಕ್ಕದಲ್ಲಿ ಕೂತು, ರಸ್ತೆ ನೋಡುತ್ತಲೇ ಹೇಳಿದಳು.

"ಕಾರು ಮಾರಿದ ದಿನ ಬೆಳಿಗ್ಗೆ, ಕಲಿಯೋಕೆ ಬಂದಿದ್ದ ಹೆಂಗಸೊಬ್ಬಳು ಕಾರು ಓಡಿಸ್ತಿದ್ದಳು. ನಾನು ಎಡಗಡೆ ಸೀಟಲ್ಲಿದ್ದೆ. ಇದ್ದಕ್ಕಿದ್ದ ಹಾಗೆ ಬ್ರೇಕ್ ಒತ್ತಿದಳು. ಸುಮ್ಮಸುಮ್ಮನೆ ಯಾಕಮ್ಮ ಬ್ರೇಕ್ ಹಾಕ್ತೀಯ ಅಂತ ಬಾಯಿಗೆ ಬಂದ ಹಾಗೆ ಬೈದೆ. ಬೈತಾ ಇರೋವಾಗಲೇ ಬಾನೆಟ್ ಮುಂದಿಂದ ಒಂದು ಪುಟ್ಟ ಹುಡುಗಿ ಬಲಗಡೆಗೆ ಬಂತು. ನನ್ನ ಕಡೆಯಿಂದಲೇ ದಾಟಿದೆ ಕಣ್ರೀ ಅದು. ಕಲಿಸೋ ಕಾರಲ್ವಾ, ನನ್ನ ಕಾಲಡಿಯಲ್ಲೂ ಬ್ರೇಕ್ ಇತ್ತು. ನಾನು ಒತ್ತಲೇ ಇಲ್ಲ."

ಅದರ ಹಿಂದಿನ ಸಂಜೆಯಷ್ಟೇ ಅದೇ ಕಣ್ಣಿನಿಂದ ಅವನನ್ನೂ ಹೆದ್ದಾರಿ ದಾಟಿಸಿ ಮನೆಗೆ ತಂದಿದ್ದಳು! ಹಿಂದಿನ ಸೀಟಿನಲ್ಲಿ ಅತ್ತೆ ತೂಕಡಿಸುತ್ತಿದ್ದರು.

"ಅಲ್ಲಿಂದ ನೇರ ಕಣ್ಣಿನ ಡಾಕ್ಟರ ಹತ್ರ ಹೋದೆ. ಕಣ್ಣಿನ ಒತ್ತಡ ಏರಿ ಪಕ್ಕದ ನೋಟ ಹೋಗಿದೆ, ಅದು ವಾಪಸ್ ಬರಲ್ಲ, ಉಳಿದಿದ್ದನ್ನ ದಿನಾ ಕಣ್ಣಿಗೆ ಔಷಧಿ ಹಾಕಿ ಕಾಪಾಡಿಕೊಳ್ಳಿ ಅಂದ್ರು. ಆಮೇಲೆ ನಾನು ಕಾರು ಮುಟ್ಟಿಲ್ಲ."

"ನನಗೆ ಒಂದು ಮಾತು ಹೇಳೋಕೆ ಏನಾಗಿತ್ತು?" ಅವನ ದನಿ ಏರಿತು.

"ಹೇಳಿದ್ರೆ ಅವತ್ತಿಂದಲೇ ಕೈ ಹಿಡಿದು ನಡೆಸ್ತಿದ್ರಿ. ಕಣ್ಣಿರೋವಾಗಲೇ ಈ ಬೀದಿಗಳನ್ನ ಕಾಲಿಗೆ ರೂಢಿ ಮಾಡ್ಕೋಬೇಕಿತ್ತು ನನಗೆ."

ಪೇಂಟರ್ ಕೆಳಗಿಳಿದು ಬಂದು ಟೊಮೆಟೊ ಆರಿಸಿ ಕೊಟ್ಟ.

ಔಷಧಿ ಫಲ ಕೊಟ್ಟಿತು. ಉಳಿದ ನೋಟ ಉಳಿಯಿತು. ಅವಳು ಇಂದಿಗೂ ಪೇಟೆಗೆ ಒಬ್ಬಳೇ ಹೋಗುತ್ತಾಳೆ, ಜೊತೆಗೆ ಬರುತ್ತೇನೆಂದರೆ ರೇಗುತ್ತಾಳೆ. ಮನೆಯಲ್ಲಿದ್ದ ದಿನ ಗಂಡ ಕಿಟಕಿಗೆ ಬಂದು ನಿಲ್ಲುತ್ತಾನೆ. ಕೆಳಗೆ ಅವಳು ಕತ್ತನ್ನು ಪೂರ್ತಿ ಎಡಕ್ಕೆ ತಿರುಗಿಸಿ, ನೋಡಿ, ಮತ್ತೊಮ್ಮೆ ನೋಡಿ, ರಸ್ತೆಗಿಳಿಯುತ್ತಾಳೆ. ಆಚೆ ಬದಿ ಮುಟ್ಟುವವರೆಗೆ ಅವನ ಜೀವದಲ್ಲಿ ಜೀವವಿರುವುದಿಲ್ಲ.