ಕೊಬ್ಬರಿ ಮೂಟೆಯ ಗಂಟು

ಸ್ಯಾರಿ ಗಾರ್ಡ್ ಒಂದನ್ನು ಮಾತ್ರ ಬಿಚ್ಚಬೇಡಿ ಎಂದು ಪಾಲಾಕ್ಷಪ್ಪ ಮೂರು ಸಲ ಹೇಳಿದರು. ಮೂರು ಸಲವೂ ನಾನು ‘ಆಯ್ತು’ ಎಂದೆ. ಹಳೇ ಗಾಡಿ ಮಾರುವವರು ಏನೇನೋ ಹೇಳುತ್ತಾರೆ, ಕೊಳ್ಳುವವರು ಆಯ್ತು ಅನ್ನುತ್ತಾರೆ.

ಗಾಡಿ ಎಂಬತ್ತಾರರ ಬುಲೆಟ್. ಕಟ್ಟಾಯದಲ್ಲಿ ಅವರ ಕೊಬ್ಬರಿ ಗೋದಾಮಿನ ಮೂಲೆಯಲ್ಲಿ ಟಾರ್ಪಾಲು ಹೊದ್ದು ನಿಂತಿತ್ತು. ಇಪ್ಪತ್ತೈದು ವರ್ಷದಿಂದ ಓಡಿಸಿಲ್ಲವಂತೆ. ಆದರೂ ಪ್ರತಿ ಆಯುಧಪೂಜೆಗೆ ತೊಳೆದು ಇಟ್ಟ ಕುಂಕುಮ ಹೆಡ್‌ಲೈಟಿನ ಮೇಲೆ ಪದರಗಟ್ಟಿತ್ತು. ಎಡಗಡೆ, ಹಿಂದಿನ ಚಕ್ರಕ್ಕೆ ಅಡ್ಡವಾಗಿ, ಹೆಂಗಸರ ಸೆರಗು ಸಿಕ್ಕಿಕೊಳ್ಳದಿರಲೆಂದು ಹಾಕಿಸುವ ಆ ಗಾರ್ಡ್. ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಕಿಟಕಿ ಸರಳಿನಷ್ಟು ದಪ್ಪದ ಕಂಬಿಗಳನ್ನು ಒತ್ತೊತ್ತಾಗಿ ವೆಲ್ಡಿಂಗ್ ಮಾಡಿಸಿದ್ದರು. ನೋಡಲು ಥೇಟ್ ಕೋಳಿಗೂಡು.

“ಇಷ್ಟು ವರ್ಷ ಇಟ್ಕೊಂಡು ಈಗ್ಯಾಕೆ ಮಾರ್ತಿದೀರಿ ಯಜಮಾನ್ರೆ?” ಎಂದು ಕೇಳಿದೆ.

“ನಾನು ಓದ್ಮೇಲೆ ಗುಜರಿಗಾಕ್ತಾರೆ ಸಾ. ನೀವಾದ್ರೆ ಓಡುಸ್ತೀರಿ.” ಕೀಲಿ ಕೊಟ್ಟ ಮೇಲೂ ಅವರು ಸೀಟಿನ ಮೇಲಿಂದ ಕೈ ತೆಗೆಯಲಿಲ್ಲ. “ಮನೇವ್ರು ಕೂರ್ತಾರಾ ಇಂದೆ?”

“ಅವಳಿಗೋಸ್ಕರಾನೇ ತಗೊಳ್ತಿರೋದು.”

“ಅಂಗಾದ್ರೆ ಗಾರ್ಡ್ ಬಿಚ್ಬ್ಯಾಡಿ.” ಅದು ಮೂರನೆಯ ಸಲ.

ನಾನು ಹಾಸನದಲ್ಲಿ ಆಟೊಮೊಬೈಲ್ ಪಾಠ ಹೇಳುವ ಮೇಷ್ಟ್ರು. ಯಂತ್ರದ ವಿಷಯದಲ್ಲಿ ಯಾರಾದರೂ ನನಗೇ ಬುದ್ಧಿ ಹೇಳಿದರೆ ಮೈ ಉರಿಯುತ್ತದೆ. ಮದುವೆಯಾದ ಹೊಸದರಲ್ಲಿ ಹೆಂಡತಿ ಆಶಾರಾಣಿಗೆ, ಬುಲೆಟ್ಟಿನಲ್ಲಿ ಕೂರಿಸಿಕೊಂಡು ಚಾರ್ಮಾಡಿ ಘಾಟಿ ಇಳಿಸಿ ಸಮುದ್ರ ತೋರಿಸುತ್ತೇನೆಂದು ಮಾತು ಕೊಟ್ಟಿದ್ದೆ. ಇಪ್ಪತ್ತೆರಡು ವರ್ಷ ಅದು ಮಾತಾಗಿಯೇ ಉಳಿಯಿತು. ಹೋದ ವರ್ಷ ಅವಳು ಆಪರೇಷನ್ ಆಗಿ, ಸಾವಿನ ಬಾಗಿಲು ತಟ್ಟಿ ವಾಪಸ್ ಬಂದಳು. ಇನ್ನು ಮುಂದೂಡಿದರೆ ನಾನು ಮನುಷ್ಯನಲ್ಲ ಅನ್ನಿಸಿತು.

ಎರಡು ತಿಂಗಳು ಶೆಡ್ಡಿನಲ್ಲಿ ಬಿಚ್ಚಿದೆ, ತೊಳೆದೆ, ಜೋಡಿಸಿದೆ. ಹಿಂದಿನ ಚಕ್ರ ಬಿಚ್ಚಿದಾಗ ಆಕ್ಸಲ್ ಸುತ್ತ ದಾರದಂಥದ್ದೇನೋ ಗ್ರೀಸಿನಲ್ಲಿ ಕಲ್ಲಾಗಿ ಸುತ್ತಿಕೊಂಡಿತ್ತು. ಚಾಕುವಿನಿಂದ ಕೆರೆದು ಸೀಮೆಎಣ್ಣೆಯಲ್ಲಿ ನೆನೆಸಿದೆ. ಹಸಿರು ರೇಷ್ಮೆ. ಒಂದೆರಡು ಎಳೆಯಲ್ಲಿ ಜರಿ ಇನ್ನೂ ಮಿನುಗುತ್ತಿತ್ತು. ಯಾವುದೋ ಒರೆಸುವ ಬಟ್ಟೆ ಎಂದುಕೊಂಡು ಕಸದ ಜೊತೆ ಸುಟ್ಟೆ. ರೇಷ್ಮೆಯಲ್ಲಿ ಗಾಡಿ ಒರೆಸುವವರು ಯಾರು ಎಂದು ನನಗೆ ಹೊಳೆಯಲೇ ಇಲ್ಲ.

ಪ್ರವಾಸಕ್ಕೆಂದು ತಂದ, ಸೀಟಿನ ಎರಡೂ ಪಕ್ಕ ಇಳಿಬಿಡುವ ಚರ್ಮದ ಚೀಲಗಳಿಗೆ ಗಾರ್ಡ್ ಅಡ್ಡ ಬರುತ್ತಿತ್ತು. ಗ್ರೈಂಡರ್ ಹಿಡಿದೆ, ಹತ್ತು ನಿಮಿಷದಲ್ಲಿ ಕೆಳಗೆ ಬಿತ್ತು. ರಕ್ಷಣೆಗಿರುವ ಭಾಗ ಬಿಚ್ಚಬಾರದೆಂದು ಕ್ಲಾಸಿನಲ್ಲಿ ಹೇಳುವವನೂ ನಾನೇ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಆ ದಿನದಿಂದ ಗಾಡಿಯ ಹಿಂಭಾಗ ಕುಸಿಯತೊಡಗಿತು. ನಾನೊಬ್ಬನೇ ಕೂತರೂ ಹಿಂದಿನ ಶಾಕ್ ಅಬ್ಸಾರ್ಬರ್ ಒಂದೂವರೆ ಇಂಚು ತಗ್ಗುತ್ತಿತ್ತು. ಹೊಸದನ್ನು ತಂದು ಹಾಕಿದೆ. ಅದೂ ಅಷ್ಟೇ ತಗ್ಗಿತು. ಜೊತೆಗೆ ಕೆಲಸ ಮಾಡುವ ಗೌತಮ್ ಸ್ಕೇಲು ಹಿಡಿದು ಅಳೆದು, “ಹಿಂದೆ ಯಾರೋ ಕೂತಂಗೈತೆ ಸಾರ್, ಐವತ್ತು ಕೆಜಿ ಆಗ್ಬೋದು,” ಎಂದು ನಕ್ಕ. ನನಗೆ ನಗು ಬರಲಿಲ್ಲ.

ಗೌತಮ್ ಹಿಂದೆ ಕೂತರೆ ಗಾಡಿ ಸೊಗಸಾಗಿ ಓಡುತ್ತಿತ್ತು. ಅಕ್ಕಿ ಮೂಟೆ ಇಟ್ಟರೂ ಓಡುತ್ತಿತ್ತು. ಆಶಾ ಕೂತ ಕೂಡಲೇ ಎಂಜಿನ್ ಆಫ್. ಪ್ಲಗ್ ನೋಡಿದೆ, ಕಾರ್ಬ್ಯುರೇಟರ್ ಬಿಚ್ಚಿದೆ, ವೈರಿಂಗೆಲ್ಲ ಹೊಸದು ಎಳೆದೆ. ಏನೂ ದೋಷವಿಲ್ಲ. ಅವಳು ಇಳಿದರೆ ಒಂದೇ ಕಿಕ್ಕಿಗೆ ಸ್ಟಾರ್ಟ್.

“ಸವತಿ ತಂದಿಟ್ಟಿದೀರ ಕಣ್ರೀ,” ಎಂದು ಆಶಾ ಛೇಡಿಸಿದಳು.

ಒಂದು ಭಾನುವಾರ ಹೊಳೆನರಸೀಪುರದಲ್ಲಿ ಅವಳ ಅಕ್ಕನ ಮನೆಯ ಗೃಹಪ್ರವೇಶ. ರೇಷ್ಮೆ ಸೀರೆ ಉಟ್ಟು ಬಂದು, ಹೆಲ್ಮೆಟ್ ಹಾಕಿಕೊಂಡು ಒಂದೇ ಕಡೆ ಕಾಲು ಬಿಟ್ಟು ಕೂತಳು. ಎಂಜಿನ್ ಎರಡು ಸಲ ನಿಂತಿತು. ಬಸ್ಸಿಗೇ ಹೋಗೋಣ ಎಂದಳು. ನನ್ನ ಹಠ ಕೇಳಬೇಕಲ್ಲ. ಮೂರನೆಯ ಸಲ ಎಕ್ಸಲರೇಟರ್ ಬಿಡದೆ ಹಿಂಡಿಕೊಂಡೇ ಹೊರಟೆ. ಊರು ದಾಟಿದ ಮೇಲೆ ಗಾಡಿ ಹದಕ್ಕೆ ಬಂತು. ಬೆಳಗಿನ ಬಿಸಿಲು, ಎರಡೂ ಕಡೆ ತೆಂಗಿನ ತೋಟ. ಅವಳ ಕೈ ನನ್ನ ಭುಜದ ಮೇಲಿತ್ತು. ನಿಜವಾಗಿ ಹೇಳುತ್ತೇನೆ, ಅಷ್ಟು ಸಂತೋಷ ನನಗೆ ವರ್ಷಗಳಿಂದ ಆಗಿರಲಿಲ್ಲ.

ಅರ್ಧ ದಾರಿಯಲ್ಲಿ, ಅರವತ್ತರ ವೇಗದಲ್ಲಿ, ಎಂಜಿನ್ ಸತ್ತಿತು. ಗಾಡಿ ಜಗ್ಗಿ, ಓಲಾಡಿ, ರಸ್ತೆ ಬದಿಯಲ್ಲಿ ನಿಂತಿತು. ನಾನು ಬೈಯುತ್ತಾ ಇಳಿದು ಹಿಂದೆ ತಿರುಗಿದೆ.

ಆಶಾಳ ಸೆರಗಿನ ತುದಿ ಚಕ್ರಕ್ಕೆ ಹೋಗಿ, ಹರಿದು, ಆಕ್ಸಲ್‌ಗೆ ಒಂದು ಸುತ್ತು ಸುತ್ತಿಕೊಂಡಿತ್ತು. ಆದರೆ ಅವಳನ್ನು ಎಳೆದಿರಲಿಲ್ಲ. ಹರಿದ ತುದಿಗಿಂತ ಮೇಲೆ, ಸೀಟಿನ ಪಕ್ಕದ ಹಿಡಿಗೆ, ಸೆರಗನ್ನು ಯಾರೋ ಬಿಗಿಯಾಗಿ ಗಂಟು ಹಾಕಿದ್ದರು.

“ಸದ್ಯ, ಕಟ್ಕೊಂಡಿದ್ಯಲ್ಲ,” ಎಂದೆ.

“ನಾನೆಲ್ಲಿ ಕಟ್ಟಿದೆ? ಒಂದು ಕೈ ನನ್ನ ತೊಡೆ ಮೇಲಿತ್ತು. ಇನ್ನೊಂದು ಸೀಟ್ ಹಿಡ್ಕೊಂಡಿತ್ತು.”

“ಭುಜದ ಮೇಲೆ?”

“ನಿಮ್ಮ ಭುಜ ನಾನು ಮುಟ್ಟೇ ಇಲ್ಲ ಕಣ್ರೀ.”

ಗಂಟು ಬಿಚ್ಚಲು ಇಬ್ಬರೂ ಹೆಣಗಿದೆವು. ಎಳೆದಷ್ಟೂ ಬಿಗಿಯಾಯಿತು. ಯಾಕೋ ಏನೋ, ಪಾಲಾಕ್ಷಪ್ಪನವರಿಗೆ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವರು, “ಗಾರ್ಡ್ ಬಿಚ್ಬುಟ್ರಾ?” ಎಂದರು.

ಎಲ್ಲ ಹೇಳಿದೆ.

“ನಮ್ಮನೆಯೋಳು ಶಾಂತಕುಮಾರಿ, ಅದೇ ರಸ್ತೇಲೇ ಓಗಿದ್ದು ಸಾ. ಅಸುರು ಸೀರೆ ಉಟ್ಟಿದ್ಲು. ಸೆರಗು ಚಕ್ರಕ್ಕೋಯ್ತು. ಗಾರ್ಡ್ ಆಕ್ಸಿ, ಗಾರ್ಡ್ ಆಕ್ಸಿ ಅಂತ ಎರಡು ತಿಂಗ್ಳಿಂದ ಬಡ್ಕೊತಿದ್ಲು. ನಾನು ನಾಳೆ ನಾಳೆ ಅಂತಿದ್ದೆ. ಅವಳ ತಿಥಿ ಆದ್ಮೇಲೆ ಆಕುಸ್ದೆ.” ಆಮೇಲೆ ಕೇಳಿದರು, “ಗಂಟು ಎಂಗೈತೆ ಸಾ? ಎರಡು ಸುತ್ತು ಬಂದು, ಒಂದು ತುದಿ ಕಿವಿ ಅಂಗೆ ಈಚೆಗೆ ಬುಟ್ಟೈತಾ?”

ಬಗ್ಗಿ ನೋಡಿದೆ. ಹಾಗೆಯೇ ಇತ್ತು.

“ಕೊಬ್ಬರಿ ಮೂಟೆ ಬಾಯಿ ಅಂಗೆ ಕಟ್ತಿದ್ದೋಳು ಅವಳೊಬ್ಳೇ. ಆ ಕಿವಿ ಇಡ್ದು ಒಂದು ಕಿತ ಎಳೀರಿ.”

ಎಳೆದೆ. ಗಂಟು ಸರಕ್ಕನೆ ಬಿಚ್ಚಿಕೊಂಡಿತು.

“ಬಿಚ್ಕಂತಾ?” ಎಂದರು.

“ಬಿಚ್ಕೊಳ್ತು,” ಎಂದೆ. ಆ ಕಡೆ ಅವರು ಅಳುತ್ತಿದ್ದರು.

ಗೃಹಪ್ರವೇಶಕ್ಕೆ ಬಸ್ಸಿನಲ್ಲಿ ಹೋದೆವು. ಮಾರನೆಯ ದಿನವೇ ಅದೇ ಗಾರ್ಡನ್ನು ಅದೇ ಜಾಗಕ್ಕೆ ವೆಲ್ಡಿಂಗ್ ಮಾಡಿಸಿದೆ. ಚೀಲಗಳನ್ನು ಅಟ್ಟಕ್ಕೆ ಹಾಕಿದೆ. ಅಂದಿನಿಂದ ಆಶಾ ಕೂತಾಗ ಎಂಜಿನ್ ಒಮ್ಮೆಯೂ ನಿಂತಿಲ್ಲ. ಹಿಂದಿನ ಶಾಕ್ ಅಬ್ಸಾರ್ಬರ್ ಮಾತ್ರ ಈಗಲೂ ತಗ್ಗುತ್ತದೆ. ನಾನು ಅಳೆಯುವುದನ್ನು ಬಿಟ್ಟಿದ್ದೇನೆ.

ನಾಡಿದ್ದು ಸಮುದ್ರಕ್ಕೆ ಹೊರಡುತ್ತಿದ್ದೇವೆ. ಈ ಬೆಳಿಗ್ಗೆ ಪೆಟ್ರೋಲ್ ಹಾಕಿಸಲು ಹೊರಟಾಗ ಆಶಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗಾಡಿಯ ಪಕ್ಕ ನಿಂತಳು. ಹತ್ತಲಿಲ್ಲ. ಖಾಲಿ ಸೀಟಿನ ಕಡೆ ನೋಡಿ ಮೆಲ್ಲಗೆ, “ವಸಿ ಮುಂದಕ್ಕೆ ಸರ್ಕಳಿ ಅಕ್ಕ,” ಎಂದಳು.

ನಾನೂ ಟ್ಯಾಂಕಿನ ಕಡೆ ಸರಿದು ಕೂತೆ.