ಮುಷ್ಟಿ ಮೇಷ್ಟ್ರು

ಅತ್ತೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ತನ್ನ ಅಣ್ಣನ ಬಲಗೈಗೆ ಸುತ್ತಿ, ಮಡಚಿದ ಹೆಬ್ಬೆರಳನ್ನು ಎಳೆಯುತ್ತಿದ್ದಳು. ಬೆರಳು ಜಪ್ಪಯ್ಯ ಎಂದರೂ ಅಲುಗಲಿಲ್ಲ.

"ಮುಷ್ಟಿ ಬಿಗಿದ್ಕೊಂಡೇ ಹೋಗ್ಬಿಟ್ಟ ನೋಡೇ," ಎಂದಳು. "ಸಿಟ್ಟು ಹೊಟ್ಟೇಲಿಟ್ಕೊಂಡು ಹೋದೋರ ಕೈ ಹೀಗೇ ಇರೋದು."

ಯಾರ ಮೇಲಿನ ಸಿಟ್ಟು ಎಂದು ಅವಳು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಕೋಣೆಯಲ್ಲಿ ಕೂತವರೆಲ್ಲ ಮಗಳ ಮುಖ ನೋಡಿ, ನೋಡಿಲ್ಲವೆಂಬಂತೆ ನೆಲ ನೋಡಿದರು. ಅಪ್ಪ ಮಗಳ ನಡುವೆ ಉಳಿದಿದ್ದ ಮಾತೆಂದರೆ ಫೋನಿನಲ್ಲಿ "ಊಟ ಆಯ್ತಾ?", "ಆಯ್ತು", ಅಷ್ಟೇ. ನಿನ್ನೆ ಬೆಳಿಗ್ಗೆ ಓದುವ ಕುರ್ಚಿಯಲ್ಲಿ ಕೂತಂತೆಯೇ ಅಪ್ಪ ತೀರಿಕೊಂಡಾಗ ಅವಳು ಬೇಕರಿಯಲ್ಲಿ ಹಿಟ್ಟು ನಾದುತ್ತಿದ್ದಳು. ಸುದ್ದಿ ಕೇಳಿ ಹಾಗೇ ಓಡಿಬಂದಿದ್ದಳು. ಉಗುರಿನ ಸಂದಿಯಲ್ಲಿ ಹಿಟ್ಟು ಇನ್ನೂ ಒಣಗಿ ಕೂತಿತ್ತು.

"ಎಳೀಬೇಡಿ ಅತ್ತೆ."

"ಹಾಗಂತ ಹೀಗೇ ಕಳಿಸೋದಾ? ನೋಡಿದೋರು ಏನಂದ್ಕೊಳ್ತಾರೆ, ಜಗಳಕ್ಕೆ ಹೊರಟ ಹಾಗಿದೆ!"

ಬಾಗಿಲ ಬಳಿ ನಿಂತಿದ್ದ ಹೆಂಗಸು ಒಳಗೆ ಬಂದಳು. ಅಪ್ಪನ ಹಳೆಯ ವಿದ್ಯಾರ್ಥಿನಿ. ಆಮೇಲೆ ಅದೇ ಕಾಲೇಜಿನಲ್ಲಿ ಅವರ ಜೊತೆಗೇ ಜೀವಶಾಸ್ತ್ರದ ಪಾಠ ಮಾಡಿದವಳು. "ಅದು ಸಿಟ್ಟಲ್ಲಮ್ಮ," ಎಂದಳು. "ಕಾಲೇಜಲ್ಲಿ ಎಲ್ಲರೂ ಅವರನ್ನ ಮುಷ್ಟಿ ಮೇಷ್ಟ್ರು ಅಂತಿದ್ವಿ. ಯಾಕೆ ಅಂತ ಇವಳಿಗೂ ಗೊತ್ತು. ನಾವಿಬ್ರೂ ಒಂದೇ ಬೆಂಚು."

* * *

ಮೊದಲ ವರ್ಷದ ತರಗತಿಯಲ್ಲಿ ಅಪ್ಪ ಹಾಜರಿ ಕರೆಯುವುದಕ್ಕೂ ಮುಂಚೆ ಮುಷ್ಟಿ ಎತ್ತಿದ್ದರು.

"ಹಿಡ್ಕೊಳ್ಳೋಕೆ ಶಕ್ತಿ ಬೇಕಾ, ಬಿಡೋಕೆ ಬೇಕಾ?"

"ಹಿಡ್ಕೊಳ್ಳೋಕೆ, ಸಾರ್!"

"ಬಿಡೋಕೂ ಬೇಕು ಕಣ್ರೋ. ಸ್ನಾಯುವಿನೊಳಗೆ ಎರಡು ಥರದ ಎಳೆ. ಒಂದಕ್ಕೆ ಸಣ್ಣ ಸಣ್ಣ ಕೈಗಳು. ಅವು ಇನ್ನೊಂದನ್ನ ಹಿಡಿದು ಜಗ್ತವೆ. ಹಿಡಿದದ್ದು ಬಿಡಬೇಕಾದ್ರೆ ಎ.ಟಿ.ಪಿ., ಅಂದ್ರೆ ಜೀವಕೋಶಕ್ಕೆ ಶಕ್ತಿ ಕೊಡೋ ಕಣ, ಬಂದು ಅಲ್ಲಿ ಕೂರಬೇಕು. ಉಸಿರು ನಿಂತ ಮೇಲೆ ಎ.ಟಿ.ಪಿ. ಎಲ್ಲಿಂದ ಬರಬೇಕು? ಹಿಡಿದ ಕೈ ಹಿಡಿದ ಹಾಗೇ ಉಳಿಯುತ್ತೆ."

"ನಮ್ಮ ವಾರ್ಡನ್ ಗೇಟು ಹಿಡ್ಕೊಂಡ ಹಾಗಾ ಸಾರ್?" ಎಂದ ಹಿಂದಿನ ಬೆಂಚಿನವನೊಬ್ಬ. ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ಅಪ್ಪನೇ.

ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು: ಸತ್ತ ಮೇಲೆ ದೇಹ ಸೆಟೆದುಕೊಳ್ಳುವುದೇಕೆ? ಪಾಠದ ಹೊತ್ತಿನಲ್ಲಿ ಕಿಟಕಿಯಾಚೆ ನೋಡುತ್ತಿದ್ದ ಮಗಳು, ಸ್ನಾಯುಗಳು ಕೊನೆಯ ಸಲ ಶಕ್ತಿ ಹಾಕಿ ಬಿಗಿಯುವುದರಿಂದ ಎಂದು ಬರೆದಳು. ಎರಡು ಅಂಕದ ಆ ಪ್ರಶ್ನೆಗೆ ಸೊನ್ನೆ ಬಂತು. ಎರಡೇ ಅಂಕಕ್ಕೆ ಫೇಲು.

"ಸ್ವಂತ ಮಗಳಿಗೆ ಎರಡು ಮಾರ್ಕು ಹಾಕಿದ್ರೆ ನಿನ್ನ ಗಂಟೇನು ಹೋಗುತ್ತೋ?" ಎಂದು ಅತ್ತೆ ಜಗಳ ತೆಗೆದಿದ್ದಳು.

"ತಪ್ಪಿಗೆ ಹೇಗೆ ಹಾಕ್ಲಿ?" ಎಂದಿದ್ದರು ಅಪ್ಪ. ಆ ಸಂಜೆ ಮಗಳ ಕೋಣೆಯ ಬಾಗಿಲಿಗೆ ಬಂದು, ನಗಿಸಲು ನೋಡುವವರ ಹಾಗೆ ಮುಷ್ಟಿ ಎತ್ತಿ, "ಬಾರೇ, ಇನ್ನೊಂದ್ಸಲ ಹೇಳ್ಕೊಡ್ತೀನಿ," ಎಂದರು. ಅವಳು ಮುಖದ ಮೇಲೆ ಹೊಡೆದಂತೆ ಬಾಗಿಲು ಹಾಕಿದಳು. ಆಮೇಲೆ ಕಾಲೇಜು ಬಿಟ್ಟಳು, ಮನೆ ಬಿಟ್ಟಳು. ಹಟ ಮಾತ್ರ ಇಬ್ಬರೂ ಬಿಡಲಿಲ್ಲ.

* * *

ಮಗಳು ಅತ್ತೆಯ ಕೈಯಿಂದ ಒದ್ದೆ ಬಟ್ಟೆ ತೆಗೆದುಕೊಂಡಳು.

"ಅಪ್ಪ ಏನನ್ನೂ ಹಿಡ್ಕೊಂಡಿಲ್ಲ ಅತ್ತೆ. ಬಿಡೋಕೆ ಅವರಲ್ಲಿ ಶಕ್ತಿ ಇಲ್ಲ, ಅಷ್ಟೇ."

"ಎರಡಕ್ಕೆ ಎರಡು ಕಣೇ," ಎಂದಳು ಗೆಳತಿ ಮೆಲ್ಲಗೆ. ಅತ್ತೆಯ ಕಡೆ ತಿರುಗಿ, "ಸಂಜೆ ಹೊತ್ತಿಗೆ ತಾನಾಗೇ ಸಡಿಲ ಆಗುತ್ತಮ್ಮ. ಒಳಗಿರೋ ಕಿಣ್ವಗಳೇ ಆ ಎಳೆಗಳನ್ನ ಬಿಡಿಸ್ತವೆ," ಎಂದಳು.

"ಆಗ್ಲಿ, ಅದನ್ನೂ ನೋಡೇಬಿಡೋಣ," ಎಂದು ಅತ್ತೆ ಗೋಡೆಗೊರಗಿ ಕೂತಳು.

ಮಧ್ಯಾಹ್ನವೆಲ್ಲ ಜನ ಬಂದರು, ಹೋದರು. ಮಗಳು ಮಂಚದ ಪಕ್ಕದಿಂದ ಏಳಲಿಲ್ಲ. ಕೈಯ ವಿಷಯ ಪುಸ್ತಕದಲ್ಲಿದೆ, ಮನಸ್ಸಿನ ವಿಷಯ ಯಾವ ಪುಸ್ತಕದಲ್ಲಿದೆ? ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟಳು.

"ನಿಜ ಹೇಳೇ. ನನ್ನ ಮೇಲೆ ಸಿಟ್ಟಿತ್ತಾ ಅವರಿಗೆ?"

ಗೆಳತಿ ಅವಳ ಪಕ್ಕ ಬಂದು ಕೂತಳು. "ನೀನು ಹೋದ ಮೇಲೂ ಆ ಪಾಠ ಪ್ರತಿ ವರ್ಷ ಮಾಡಿದ್ರು. ಆದ್ರೆ ಪರೀಕ್ಷೇಲಿ ಆ ಪ್ರಶ್ನೆ ಮತ್ತೆ ಕೇಳ್ಲೇ ಇಲ್ಲ. ಒಂದ್ಸಲ ಕೇಳ್ದೆ, ಯಾಕೆ ಸಾರ್ ಅಂತ. 'ಆ ಪ್ರಶ್ನೆಗೆ ಒಬ್ಬಳ ಉತ್ತರ ಇನ್ನೂ ಬರಬೇಕಮ್ಮ, ಕಾಯ್ತಿದೀನಿ' ಅಂದ್ರು."

ನಿನ್ನೆಯಿಂದ ಬಾರದ ಅಳು ಮಗಳಿಗೆ ಆಗ ಬಂತು. ಅತ್ತೆ ಅವಳ ಬೆನ್ನ ಮೇಲೆ ಕೈಯಿಟ್ಟಳು.

ಸಂಜೆ ಹೊರಗೆ ಗಾಡಿ ಬಂದು ನಿಂತಾಗ ಮಗಳು ಅಪ್ಪನ ಹೆಬ್ಬೆರಳನ್ನು ಮುಟ್ಟಿ ನೋಡಿದಳು. ಅದು ಮೆತ್ತಗೆ ಆಚೆ ಸರಿಯಿತು. ಉಳಿದ ಬೆರಳುಗಳೂ ಬಿಚ್ಚಿಕೊಂಡವು. ಅಂಗೈಯಲ್ಲಿ ಏನೂ ಇರಲಿಲ್ಲ. ಅವಳು ತನ್ನ ಬೆರಳುಗಳನ್ನು ಅವರ ಬೆರಳುಗಳ ನಡುವೆ ಸೇರಿಸಿ ಹಿಡಿದುಕೊಂಡಳು.

"ಬಿಡಮ್ಮ, ಹೊತ್ತಾಯ್ತು," ಎಂದರು ಎತ್ತಲು ಬಂದವರು. ಒಬ್ಬ ಅವಳ ಮಣಿಕಟ್ಟಿಗೆ ಕೈ ಹಾಕಿದ.

"ಎಳೀಬೇಡ್ರಪ್ಪಾ," ಎಂದಳು ಅತ್ತೆ. "ತಾನಾಗೇ ಬಿಡ್ತಾಳೆ. ಒಂಚೂರು ತಡೀರಿ."

ಅವರು ತಡೆದರು. ಅವಳು ಒಂದೊಂದಾಗಿ ಬೆರಳು ಬಿಡಿಸಿಕೊಂಡಳು. ಅಪ್ಪನ ತೆರೆದ ಅಂಗೈಯಲ್ಲಿ ಅವಳ ಉಗುರಿನ ಹಿಟ್ಟು ಉದುರಿ, ಪಾಠ ಮುಗಿಸಿ ಬಂದ ಮೇಷ್ಟ್ರ ಕೈಯ ಸೀಮೆಸುಣ್ಣದ ಹಾಗೆ ಬೆಳ್ಳಗೆ ಅಂಟಿಕೊಂಡಿತ್ತು.