ಎಂಟನೆಯ ಟೂತ್‌ಬ್ರಷ್

ನೈಟಿ, ಕನ್ನಡಕದ ಹಳೇ ಡಬ್ಬಿ, ಅರ್ಧ ಓದಿದ ಪುಸ್ತಕ ಆಗಲೇ ಚೀಲ ಸೇರಿದ್ದವು. ಕಾತ್ಯಾಯಿನಿ ಸಿಂಕಿನ ಮುಂದೆ ನಿಂತು ಮಗಳ ಹೊಸ ಟೂತ್‌ಬ್ರಷ್ಷನ್ನು ಪಾತ್ರೆ ಉಜ್ಜುವ ನಾರಿನಿಂದ ಗಸಗಸ ತಿಕ್ಕುತ್ತಿದ್ದಳು. ಹೊಸದರಂತೆ ಕಂಡರೆ ಸಿಕ್ಕಿಬೀಳುತ್ತೀರಿ ಎಂದು ಕೇಶವಮೂರ್ತಿಯವರ ಹೆಂಡತಿ ಎಚ್ಚರಿಸಿದ್ದರು.

ಕೇಶವಮೂರ್ತಿಯವರ ಮನೆ ನ್ಯೂಜಿಲೆಂಡಿನ ವೆಲ್ಲಿಂಗ್ಟನ್ ನಗರದ ಒಂದು 'ಒಳ್ಳೆಯ' ಹೈಸ್ಕೂಲಿನ ಝೋನಿನೊಳಗಿತ್ತು. ಆ ಗೆರೆಯೊಳಗೆ ವಾಸಿಸುವ ಮಕ್ಕಳಿಗೆ ಮಾತ್ರ ಅಲ್ಲಿ ಸೀಟು ಖಾತ್ರಿ. ಮನೆಯಲ್ಲಿ ಇದ್ದದ್ದು ಗಂಡ, ಹೆಂಡತಿ ಮತ್ತು ಬೆಕ್ಕು. ಕಾಗದದ ಪ್ರಕಾರ ಕನ್ನಡ ಸಂಘದ ಏಳು ಮಕ್ಕಳೂ ಅಲ್ಲೇ ಬೆಳೆಯುತ್ತಿದ್ದರು. ಕಾತ್ಯಾಯಿನಿಯ ಮಗಳು ನಿಧಿ ಎಂಟನೆಯವಳು. ಶನಿವಾರ ಶಾಲೆಯವರು ವಿಳಾಸ ತನಿಖೆಗೆ ಬರುತ್ತಾರೆಂಬ ಸುದ್ದಿ ಹಬ್ಬಿ, ಆ ಬಚ್ಚಲುಮನೆ ಈಗ ಛತ್ರದಂತಾಗಿತ್ತು. ಯುಗಾದಿ ಕಾರ್ಯಕ್ರಮಕ್ಕೆ ಎರಡು ಗಂಟೆ ತಡವಾಗಿ ಬರುವವರೆಲ್ಲ ಬ್ರಷ್ ತಲುಪಿಸಲು ಮಾತ್ರ ಹೊತ್ತಿಗೆ ಸರಿಯಾಗಿ ಬಂದಿದ್ದರು.

ಕಾತ್ಯಾಯಿನಿಯ ಮನೆ ಇದ್ದದ್ದು ವೆಲ್ಲಿಂಗ್ಟನ್ನಿಗೆ ರೈಲಿನಲ್ಲಿ ಹೋಗಬೇಕಾದ ಪಕ್ಕದೂರು ಪೊರಿರುವಾದಲ್ಲಿ. ಅಡುಗೆಮನೆಯ ಕಿಟಕಿಗೇ ಇಳಿಜಾರಿನ ಕೆಳಗಿದ್ದ ಅಲ್ಲಿನ ಹೈಸ್ಕೂಲು ಕಾಣುತ್ತಿತ್ತು. ಓದುವವರು ಹೆಚ್ಚಾಗಿ ಮೂಲನಿವಾಸಿ ಮಾವೊರಿಗಳ, ಸಮೋವಾ ದ್ವೀಪದವರ ಮಕ್ಕಳು. ಗಂಡ ಶ್ರೀಪಾದ ಬಣ್ಣದ ಮಾತನ್ನು ಒಮ್ಮೆಯೂ ಎತ್ತಿದವನಲ್ಲ. ಸ್ಟ್ಯಾಂಡರ್ಡ್ ಸಾಲದು ಎನ್ನುತ್ತಿದ್ದ. ನಂಜನಗೂಡಿನಲ್ಲಿ ಕಾತ್ಯಾಯಿನಿಯ ಅಪ್ಪನೂ ಹಾಗೇ ಅಂದಿದ್ದರು. ಕೆಳಗಿನ ಕೇರಿಯ ಗಿರಿಜೆಯ ಡಬ್ಬಿಯಿಂದ ಅವಳು ರೊಟ್ಟಿ ತಿಂದ ಮರುವಾರವೇ ಮುನಿಸಿಪಲ್ ಶಾಲೆ ಬಿಡಿಸಿ ಕಾನ್ವೆಂಟಿಗೆ ಹಾಕಿದ್ದರು. ಆಮೇಲೆ ದಾರಿಯಲ್ಲಿ ಗಿರಿಜೆ ಕೈಬೀಸಿದಾಗ ಅವಳು ಅಂಗಡಿಯ ಬೋರ್ಡು ಓದುತ್ತ ನಿಂತಿದ್ದಳು.

ಬಾಗಿಲು ಬಡಿದ ಸದ್ದಾಯಿತು. ಕಿವಿಯ ಮೇಲೆ ಹೂ, ಗಾಳಿಗೆ ಕೆದರಿದ ಕೂದಲು, ಕಂಕುಳಲ್ಲಿ ಫೈಲು: ಕೆಳಗಿನ ಶಾಲೆಯ ಪ್ರಿನ್ಸಿಪಾಲ್ ಮಿಸೆಸ್ ಲೆಯೋಟಾ. ಹದಿಮೂರರ ಮಕ್ಕಳಿರುವ ಪ್ರತಿ ಮನೆಗೂ ಹೋಗುತ್ತಿದ್ದೇನೆ ಎಂದರು. ತಮ್ಮ ಗೇಟಿನ ಮುಂದೆ ಹಾದು ಏಳೂವರೆಯ ರೈಲು ಹತ್ತುವ ಮಕ್ಕಳನ್ನು ಅವರು ದಿನಾ ಎಣಿಸುತ್ತಿದ್ದರಂತೆ. ಮೊದಲು ಬಿಳಿಯರ ಮಕ್ಕಳು ಹೋದರು, ಆಮೇಲೆ ಹೋಗಲು ಸಾಧ್ಯವಿದ್ದವರೆಲ್ಲ. ಯಾವ ಕಾನೂನೂ ಬೇರ್ಪಡಿಸಲಿಲ್ಲ, ರೈಲೇ ಸಾಕಾಯಿತು ಎಂದು ಕಾಫಿ ಹೀರಿದರು.

ನಾವೇನು ಬಿಳಿಯರಲ್ಲವಲ್ಲ, ನಮಗೆ ಮ್ಯಾಥ್ಸಿನದೊಂದೇ ಚಿಂತೆ ಎಂದು ಕಾತ್ಯಾಯಿನಿ ಸಮಜಾಯಿಷಿ ಕೊಟ್ಟಳು.

"ನಾನು ಹನ್ನೊಂದು ವರ್ಷ ಮ್ಯಾಥ್ಸ್ ಕಲಿಸಿದೀನಿ," ಎಂದರು ಲೆಯೋಟಾ. "ನೀವು ಹೋಗೋ ಶಾಲೇಲಿ ಇಂಡಿಯನ್ ಮಕ್ಕಳು ಜಾಸ್ತಿಯಾದ್ರು ಅಂತ ಬಿಳಿಯರು ಪ್ರೈವೇಟ್ ಸ್ಕೂಲಿಗೆ ಹೊರಟಿದಾರೆ. ಕಾರಣ ಕೇಳಿ ನೋಡಿ, ಅವರೂ ಮ್ಯಾಥ್ಸ್ ಅಂತಾರೆ."

ಮಾತು ಬದಲಿಸಲೆಂದೋ ಏನೋ ಚೀಲ ನೋಡಿ, ಪ್ರವಾಸವೇ ಎಂದು ಕೇಳಿದರು.

ಸೋಫಾದಿಂದ ನಿಧಿ ತಲೆಯೆತ್ತಿದಳು. "ನೋ, ಐ ಲಿವ್ ಇನ್ ವೆಲ್ಲಿಂಗ್ಟನ್ ನೌ. ವಿತ್ ಸೆವೆನ್ ಅದರ್ ಕಿಡ್ಸ್ ಅಂಡ್ ಎ ಕ್ಯಾಟ್."

ಲೆಯೋಟಾ ನಗಲಿಲ್ಲ. ಎದ್ದು ಒಂದು ಫಾರಂ ಮೇಜಿನ ಮೇಲಿಟ್ಟರು. "ನಮ್ಮ ಶಾಲೆ ಸೇರೋಕೆ ಯಾರೂ ಸುಳ್ಳು ಹೇಳಲ್ಲ. ನಮ್ಮ ತೊಂದರೆಯೇ ಅದು."

ಅವರು ಹೋದ ಮೇಲೆ ಕಾತ್ಯಾಯಿನಿ ವೆಲ್ಲಿಂಗ್ಟನ್ ಶಾಲೆಯ ಘೋಷಣಾ ಪತ್ರ ತೆಗೆದಳು. ಮಗು ಈ ವಿಳಾಸದಲ್ಲೇ ವಾಸಿಸುತ್ತದೆ ಎಂಬಲ್ಲಿ ತಾಯಿಯ ಸಹಿ ಬೇಕಿತ್ತು. ಪೆನ್ನಿನ ಮುಚ್ಚಳ ತೆಗೆಯುವಷ್ಟರಲ್ಲಿ ನಿಧಿ ಪಕ್ಕದಲ್ಲಿ ನಿಂತಿದ್ದಳು. ಇದೇ ಬೀದಿಯ ಮೆಲೆ ಎಂಬ ಸಮೋವಾ ಹುಡುಗಿ ಅವಳ ಗೆಳತಿ. ಕೆಳಗಿನ ಶಾಲೆಗೇ ಸೇರುವವಳು.

"ಅಮ್ಮಾ, ಇಫ್ ಮೆಲೆ ಆಸ್ಕ್ಸ್ ವೈ, ವಾಟ್ ಡು ಐ ಸೇ?"

ಸ್ಟ್ಯಾಂಡರ್ಡ್ ಎಂಬುದು ಕಾತ್ಯಾಯಿನಿಯ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಹೇಸಿಗೆಯಾಯಿತು. ಯೋಚಿಸಿ ಹೇಳುತ್ತೇನೆಂದು ಮಗಳನ್ನು ಕಳಿಸಿದಳು.

ಆಫೀಸಿನಿಂದ ಶ್ರೀಪಾದನ ಫೋನು ಬಂತು. "ಸಹಿ ಹಾಕಿದ್ಯಾ? ಬ್ರಷ್ ಮರೀಬೇಡ ಕಣೆ."

ನಾನು ನೋಡ್ಕೋತೀನಿ ಎಂದಳು. ಘೋಷಣಾ ಪತ್ರವನ್ನು ನಾಲ್ಕಾಗಿ ಮಡಚಿ ಬದಿಗಿಟ್ಟು, ಲೆಯೋಟಾ ಕೊಟ್ಟ ಫಾರಮ್ಮಿನಲ್ಲಿ ತನ್ನ ಮನೆ ನಂಬರನ್ನು ದಪ್ಪಕ್ಷರದಲ್ಲಿ ಬರೆದಳು. ಅದನ್ನು ತನ್ನ ಆಫೀಸಿನ ಬ್ಯಾಗಿಗೆ ಸೇರಿಸಿದಳು. ಬೆಳಿಗ್ಗೆ ಅರ್ಧ ಗಂಟೆ ಮೊದಲು ಹೊರಟರೆ ಕೆಳಗಿನ ಶಾಲೆಗೆ ಕೊಟ್ಟೇ ಹೋಗಬಹುದು.

ಸಂಜೆ ಶ್ರೀಪಾದ ಬಂದವನೇ ಎಲ್ಲ ಮುಗೀತಾ ಎಂದ. ಮುಗೀತು ಎಂದು ಅವಳು ತಟ್ಟೆ ಹಾಕಿದಳು.